ಬೆನ್ನೊಳಗಿನ ಕಿಡಿ

“ಮಾವಾ, ಇದಕ್ಕೆ ಸ್ಕ್ರೂ ಎಲ್ಲೈತೆ?”

ಪವಿತ್ರ ಹೊಸ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೈಯಲ್ಲಿದ್ದ ಪುಟ್ಟ ಸ್ಕ್ರೂಡ್ರೈವರಿಗೆ ಕೆಲಸವೇ ಸಿಗಲಿಲ್ಲ.

ಮಾಳೇಶ ಮಾವ ಕುರಿ ಕಾಯುವವನು. ಅವನ ಫೋನು ಸದಾ ಕಂಬಳಿಯ ಮಡಿಕೆಯಲ್ಲೇ ಇರುತ್ತಿತ್ತು. ಉಣ್ಣೆಯ ಎಳೆಗಳು ಸ್ಪೀಕರಿನ ತೂತಿಗೆ ತುಂಬಿಕೊಂಡು, ಮಾತೆಲ್ಲ ಬರೀ ಗುಸುಗುಸು ಕೇಳುತ್ತಿತ್ತು.

ಅವನ ಹಳೆಯ ಫೋನೂ ಕಿಡಿ ಕಂಪನಿಯದ್ದೇ. ಅದರ ಡಬ್ಬಿಯಲ್ಲೇ ಈ ಸ್ಕ್ರೂಡ್ರೈವರ್ ಬಂದಿತ್ತು. ಆ ಫೋನಿನ ಬೆನ್ನ ಮೇಲೆ ಒಂದು ಕಿಡಿಯ ಚಿತ್ರ, ಕೆಳಗೆ ‘ಬಿಚ್ಚಿ ನೋಡಿ’ ಎಂಬ ಬರಹ. ಆರನೇ ಕ್ಲಾಸಿನ ಪವಿತ್ರಳಿಗೆ ಅದು ತನಗೇ ಬರೆದಂತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ, ಉಫ್ ಎಂದು ಉಣ್ಣೆ ಊದಿ, ಮತ್ತೆ ಮುಚ್ಚುತ್ತಿದ್ದಳು.

ಹೊಸದಕ್ಕೂ ಆಗಲೇ ಉಣ್ಣೆ ತುಂಬಿತ್ತು. ಆದರೆ ಇದರಲ್ಲಿ ಸ್ಕ್ರೂ ಇಲ್ಲ, ಬರಹವಿಲ್ಲ, ಕಿಡಿಯೂ ಇಲ್ಲ. ಕನ್ನಡಿಯಂಥ ಬೆನ್ನು ಮಾತ್ರ.

ಸುಮ್ಮನಿರಲಾಗದೆ ಅವಳು ಪಿನ್ನಿನಿಂದ ಸ್ಪೀಕರಿನ ತೂತಿಗೆ ಚುಚ್ಚಿದಳು. ಒಳಗಿನ ತೆಳು ಜಾಲರಿ ಹರಿದು ಉಣ್ಣೆ ಇನ್ನೂ ಒಳಕ್ಕೆ ಹೋಯಿತು. ಗುಸುಗುಸೂ ನಿಂತುಹೋಯಿತು.

ನಾಳೆ ಮಾವ ಕುರಿ ಹೊಡೆದುಕೊಂಡು ಹೊರಟರೆ ಬರುವುದು ಮೂರು ತಿಂಗಳ ಮೇಲೆ. ದಿನಾ ಸಂಜೆ ಅವನೊಂದಿಗೆ ಮಾತಾಡದಿದ್ದರೆ ಅವನ ತಾಯಿ ಗುತ್ಯಮ್ಮಜ್ಜಿಗೆ ಊಟ ಸೇರುವುದಿಲ್ಲ.

ಮಾವ, ಪವಿತ್ರ ಇಬ್ಬರೂ ಶಿಕಾರಿಪುರದ ಬಸ್ಸು ಹತ್ತಿದರು. ಗಿರೀಶನ ರಿಪೇರಿ ಅಂಗಡಿಯ ಹೊರಗೆ ‘ಎಲ್ಲರ ಕೈಯಲ್ಲೂ ಕಿಡಿ’ ಎಂಬ ದೊಡ್ಡ ಪೋಸ್ಟರು.

“ನಾನೇ ಚುಚ್ಚಿದ್ದು ಗಿರೀಶಣ್ಣ. ಸ್ಕ್ರೂನೇ ಇಲ್ಲ ಇದಕ್ಕೆ,” ಎಂದಳು ಪವಿತ್ರ.

ಗಿರೀಶ ನಕ್ಕ. “ಮೊದ್ಲು ಕಿಡಿ ತಗೊಳ್ತಿದ್ದೋರು ನಿನ್ನಂಥ, ನನ್ನಂಥ ಹುಚ್ಚರು ಕಣವ್ವ. ತಪ್ಪು ಕಂಡ್ರೆ ಕಂಪನಿಗೆ ಬರೀತಿದ್ವಿ, ಅವರೂ ಉತ್ತರ ಬರೀತಿದ್ರು. ಈಗ ಊರೆಲ್ಲ ತಗೊಳ್ತೈತೆ. ಅದಕ್ಕೇ ಅಂಟು ಹಾಕಿ ಮುಚ್ಚವ್ರೆ.”

“ಹಂಗಾದ್ರೆ ನಮ್ಮನ್ನ ಮರ್ತೇಬಿಟ್ರಾ?”

“ಲೇ, ಆ ಹಳೇದು ಒಂದೇ ಮಳೆಗೆ ಕೆಟ್ಟೋತಲ್ಲ!” ಎಂದ ಮಾಳೇಶ ಮಾವ. “ಇದು ನೆಂದ್ರೂ ಏನೂ ಆಗಲ್ಲ. ಹೊಲದಾಗೆ ಮಲಗೋ ನನ್ನಂಥೋನಿಗೆ ಇದೇ ಸರಿ.”

ಅದು ನಿಜವೆಂದು ಪವಿತ್ರಳಿಗೂ ಗೊತ್ತಿತ್ತು. ಆದರೂ ಸಿಟ್ಟು ಇಳಿಯಲಿಲ್ಲ.

ಗಿರೀಶ ಫೋನಿನ ಅಂಚಿಗೆ ಬಿಸಿಗಾಳಿ ಹಿಡಿದ. ತೆಳ್ಳನೆಯ ಕಾರ್ಡು ತೂರಿಸಿ ಮೆಲ್ಲಗೆ ಸರಿಸಿದ. ಬೆನ್ನು ಬಿಟ್ಟುಕೊಂಡಿತು. ಚಿಮುಟದಿಂದ ಉಣ್ಣೆ ತೆಗೆದು ಹೊಸ ಜಾಲರಿ ಕೂರಿಸಿದವನು ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ.

“ಪವಿತ್ರಾ, ಇಲ್ಲಿ ಬಾ.” ಭೂತಗನ್ನಡಿ ಅವಳ ಕೈಗೆ ಕೊಟ್ಟ.

ಅವಳು ಬಗ್ಗಿದಳು. ಹಸಿರು ಬೋರ್ಡಿನ ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಪುಟ್ಟದೊಂದು ಕಿಡಿಯ ಚಿತ್ರ! ಹಳೆಯದೇ ಕಿಡಿ. ಅದರ ಪಕ್ಕ ಇರುವೆ ಕಾಲಿನಂಥ ಅಕ್ಷರಗಳು: ‘ಬಂದಿರಾ? ಬನ್ನಿ.’

ಪವಿತ್ರ ಅದನ್ನು ಎರಡೆರಡು ಸಲ ಓದಿದಳು. ಪೋಸ್ಟರು ನೋಡಿ ಕೊಳ್ಳುವ ಸಾವಿರಾರು ಜನರಲ್ಲಿ ಯಾರಿಗೂ ಇದು ಕಾಣುವುದಿಲ್ಲ. ಆದರೂ ಯಾರೋ ಬರೆದಿದ್ದಾರೆ. ಇಲ್ಲಿಯವರೆಗೆ ಬಂದೇ ಬರುವವರು ಇದ್ದಾರೆಂದು ಅವರಿಗೆ ಗೊತ್ತಿತ್ತು!

ಮಾವನೂ ಇಣುಕಿದ. “ನಮ್ಮ ಕುರಿ ಕಿವಿ ಗುರುತಿದ್ದಂಗೈತಲ್ಲೋ! ಮರಿ ಇದ್ದಾಗ್ಲೇ ಕಿವಿ ಅಂಚು ಒಂಚೂರು ಕತ್ತರಿಸ್ತೀವಿ. ಎಷ್ಟು ಹಿಂಡು ಬೆರೆತ್ರೂ, ಕಿವಿ ಎತ್ತಿ ನೋಡಿದ್ರೆ ನಮ್ದೇ ಅಂತ ಗೊತ್ತಾಗ್ತೈತೆ.”

ಗಿರೀಶ ಅಂಟಿನ ಟ್ಯೂಬು ಎತ್ತಿಕೊಂಡ.

“ಗಟ್ಟಿಯಾಗಿ ಹಾಕ್ರಿ, ಗಿರೀಶಣ್ಣ,” ಎಂದಳು ಪವಿತ್ರ. “ಮಾವ ಮಳ್ಯಾಗಿರ್ತಾನೆ.”

ಅಂಟು ಒಣಗಿದ ಮೇಲೆ ಮಾವ ಮನೆಗೆ ಫೋನು ಮಾಡಿದ. “ಏ ಮಾಳ್ಯಾ, ಪೋರಿಗೆ ಏನಾರ ತಿನ್ಸಿದೇನೋ?” ಎಂಬ ಗುತ್ಯಮ್ಮಜ್ಜಿಯ ದನಿ ಅಂಗಡಿಗೆಲ್ಲ ಕೇಳಿಸಿತು.

ಬಸ್ಸಿನಲ್ಲಿ ಪವಿತ್ರ ಫೋನನ್ನು ತೊಡೆಯ ಮೇಲಿಟ್ಟುಕೊಂಡಳು. ನುಣ್ಣನೆಯ ಬೆನ್ನಿನ ಮೂಲೆಯೊಂದರ ಮೇಲೆ ಬೆರಳಿಟ್ಟಳು. ಅಲ್ಲಿ ಏನೂ ಕಾಣುತ್ತಿರಲಿಲ್ಲ. ಬಸ್ಸು ಊರು ಮುಟ್ಟುವವರೆಗೂ ಅವಳು ಬೆರಳು ತೆಗೆಯಲಿಲ್ಲ.