ಮೂಲೆ ಹರಿದ ಕ್ಯೋಟೋ

ಮಾನ್ವಿಯ ಆ ಓಣಿಗೆ ಟಪಾಲಿನವನು ಬಂದರೆ ಕಾಗದವನ್ನು ಕೈಗೆ ಕೊಟ್ಟು, ಒಂದು ಚೆಂಬು ನೀರು ಕುಡಿದು, ಎರಡು ಮಾತಾಡಿ ಹೋಗುವುದು ರೂಢಿ. ಆ ದಿನ ಅವನು ಪಾರ್ವತೆಮ್ಮನ ಹೊಸ್ತಿಲ ತನಕ ಬರಲೇ ಇಲ್ಲ. ಅಂಗಳದ ಒರಳುಕಲ್ಲಿನ ಮೇಲೆ ಕಾಗದ ಇಟ್ಟು, ತಲೆ ತಗ್ಗಿಸಿ, ಹಿಂದಿರುಗಿ ನೋಡದೆ ನಡೆದುಬಿಟ್ಟ.

ಕಾಗದದ ಒಂದು ಮೂಲೆ ಹರಿದಿತ್ತು.

ಆ ಸೀಮೆಯಲ್ಲಿ ಇದರ ಅರ್ಥ ಯಾರೂ ಕೇಳುವುದಿಲ್ಲ. ಮದುವೆಯ ಕಾಗದವಾದರೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿರುತ್ತಾರೆ. ಸಾವಿನ ಕಾಗದವಾದರೆ ಒಂದು ಮೂಲೆ ಹರಿದಿರುತ್ತಾರೆ. ಓದು ಬಾರದವರಿಗೂ ಬಾಗಿಲಲ್ಲೇ ತಿಳಿಯಲಿ ಎಂದು. ಅಂಥ ಕಾಗದ ಮನೆಯೊಳಗೆ ಹೋಗುವುದಿಲ್ಲ, ಮೊದಲು ಅಳು, ಆಮೇಲೆ ಓದು.

ಪಾರ್ವತೆಮ್ಮನಿಗೆ ಇದ್ದವನು ಒಬ್ಬನೇ ಮಗ, ಗದ್ದೆಪ್ಪ. ಪಲ್ಟನ್ನಿನಲ್ಲಿ ರೊಟ್ಟಿ ಬಡಿಯುವ ಕೆಲಸ ಸಿಕ್ಕಿತೆಂದು ರಾಯಚೂರಿನಲ್ಲಿ ರೈಲು ಹತ್ತಿ ಆಗಲೇ ನಾಲ್ಕು ವರ್ಷ. ಬರ್ಮಾದ ಯುದ್ಧ ಮುಗಿದರೂ ಮನೆಗೆ ಬರಲಿಲ್ಲ. ಸೋತ ಜಪಾನನ್ನು ಕಾಯಲು ಅವನ ಪಲ್ಟನ್ನನ್ನು ಹಡಗಿನಲ್ಲಿ ಅಲ್ಲಿಗೇ ಸಾಗಿಸಿದ್ದರು. ಇದು ನಲವತ್ತೇಳನೆಯ ಇಸವಿಯ ಮಾಘ. ಯುದ್ಧವೇ ಇಲ್ಲದ ಕಾಲದಲ್ಲಿ ಮೂಲೆ ಹರಿದ ಕಾಗದ ಬಂದಿದೆ. ಪಾರ್ವತೆಮ್ಮ ಅಂಗಳದಲ್ಲಿ ಕುಸಿದು ಕುಳಿತವಳು ಅಳಲಿಲ್ಲ, ಮಣ್ಣನ್ನು ಮುಷ್ಟಿ ಮುಷ್ಟಿ ಹಿಡಿದು ಬಿಡುತ್ತಿದ್ದಳು.

ಗೋಡೆಯಾಚೆಗಿನ ಮನೆಯಿಂದ ಶೇಖಮ್ಮ ಓಡಿ ಬಂದಳು. ಪಾರ್ವತೆಮ್ಮನ ಅಣ್ಣ ಸುಂಕಪ್ಪನ ಮಗಳು ಇವಳು, ಗದ್ದೆಪ್ಪನಿಗೆ ಒಪ್ಪಿತವಾಗಿದ್ದ ಹುಡುಗಿ. ಅವನು ಹೊರಡುವ ಹಿಂದಿನ ದಿನ ಎಲೆ ಅಡಿಕೆ ಬದಲಾಯಿಸಿ ಹಸಿರು ಬಳೆ ಇಟ್ಟಿದ್ದರು. ಬಳೆ ಆರಿಸಿ ತಂದವನು ಗದ್ದೆಪ್ಪನೇ. ಅಳತೆ ಒಂದು ನೂಲು ಸಣ್ಣದಾಗಿ, ಎಣ್ಣೆ ಹಚ್ಚಿ ಹಿಂಡಿ ಹಿಂಡಿ ತೊಡಿಸಬೇಕಾಗಿತ್ತು.

ಅವತ್ತು ಅವಳು ಹುಬ್ಬು ಗಂಟಿಕ್ಕಿ, ಇಷ್ಟು ವರ್ಷದಾಗ ನನ್ನ ಕೈ ನೋಡೇ ಇಲ್ಲೇನು ಎಂದು ಕೇಳಿದ್ದಳು.

"ದಿನಾ ನೋಡೀನಿ," ಎಂದಿದ್ದ ಅವನು, ನೆಲ ನೋಡುತ್ತ. "ಹಿಡಿದು ಅಳತಿ ಮಾಡಾಕ ಧೈರ್ಯ ಬರಲಿಲ್ಲ."

ಆ ಬಿಗಿ ಬಳೆಗಳು ನಾಲ್ಕು ವರ್ಷ ಕೈಬಿಟ್ಟು ಜಾರಿರಲಿಲ್ಲ. ಈಗ ಹರಿದ ಮೂಲೆ ಕಣ್ಣಿಗೆ ಬಿದ್ದದ್ದೇ ತಡ, ಶೇಖಮ್ಮ ಯಾರನ್ನೂ ಕೇಳಲಿಲ್ಲ. ಎರಡೂ ಕೈ ಎತ್ತಿ ಒರಳುಕಲ್ಲಿಗೆ ಬಡಿದಳು. ಬಳೆಚೂರು ಅಂಗಳದ ತುಂಬ ಸಿಡಿದವು. ಮಣಿಕಟ್ಟು ಸೀಳಿ ರಕ್ತ ಬಂತು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು. ಇನ್ನೂ ತಾಳಿ ಕಟ್ಟದವನಿಗಾಗಿ ಯಾವ ಹುಡುಗಿಯೂ ಬಳೆ ಒಡೆದುಕೊಂಡದ್ದನ್ನು ಅವರು ಕಂಡಿರಲಿಲ್ಲ. ಇಷ್ಟು ದಿನ ಅವಳು ಎದೆಯಲ್ಲಿ ಮುಚ್ಚಿಟ್ಟದ್ದು ಒಂದೇ ಏಟಿಗೆ ಊರಿಗೆಲ್ಲ ಗೊತ್ತಾಗಿಹೋಯಿತು.

ಆಗ ಓದಲು ಖಾಸಿಂ ಸಾಬ್ ಬಂದರು. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಮುದುಕರು, ಓಣಿಯ ಕಾಗದಗಳೆಲ್ಲ ಅವರ ಬಾಯಿಂದಲೇ. ಕನ್ನಡಕ ಏರಿಸಿ ಮಡಿಕೆ ಬಿಚ್ಚಿದರು. ಒಂದು ಮಗ್ಗುಲಿಗೆ ಬರಹ, ಇನ್ನೊಂದು ಮಗ್ಗುಲಿಗೆ ಬಣ್ಣದ ನಕಾಶೆ. ಅವರ ಮುಖ ಮೊದಲು ಗೊಂದಲಕ್ಕೆ, ಆಮೇಲೆ ನಾಚಿಕೆಗೆ ತಿರುಗಿತು.

"ಪಾರ್ವತೆಮ್ಮಾ, ಹುಡುಗ ಜಿಂದಾ ಇದ್ದಾನ. ಆರಾಮ್ ಇದ್ದಾನ."

ಗದ್ದೆಪ್ಪ ಬರೆದದ್ದು ಇಷ್ಟು. ಚೈತ್ರದಲ್ಲಿ ತನಗೆ ಐದು ದಿನ ರಜೆ ಸಿಗುತ್ತದೆ. ಕ್ಯೋಟೋ ಎಂಬ ಊರು ನೋಡಬೇಕೆಂದಿದ್ದಾನೆ. ಸಾವಿರ ವರ್ಷ ರಾಜರು ಇದ್ದ ಊರಂತೆ, ಹಿಂಬದಿಯ ನಕಾಶೆ ಅದರದೇ. ಮೊದಲ ದಿನ ರೈಲು ಇಳಿದು ಸಿಪಾಯಿಗಳ ಛತ್ರ ಸೇರುವುದು. ಎರಡನೆಯ ದಿನ ಬೆಟ್ಟದ ಮೇಲೆ ಮರದ ಕಂಬಗಳ ಮೇಲೆ ನಿಂತ ಗುಡಿ. ಮೂರನೆಯ ದಿನ ಕೆರೆಯೊಳಗೆ ನೆರಳು ಬೀಳುವ ಬಂಗಾರದ ಮನೆ. ನಾಲ್ಕನೆಯ ದಿನ ನದಿ, ರೇಷ್ಮೆ ಬಜಾರು. ಐದನೆಯ ದಿನ ಇನ್ನೂ ಗೊತ್ತುಮಾಡಿಲ್ಲ.

ಪಾರ್ವತೆಮ್ಮ ಅಳಲಾರಂಭಿಸಿದ್ದು ಆಗ, ಸಂತೋಷಕ್ಕೆ. ಶೇಖಮ್ಮ ಮಾತ್ರ ಬೋಳು ಕೈಯಲ್ಲಿ ಬಳೆಚೂರಿನ ನಡುವೆ ನಿಂತಿದ್ದಳು. ಅವನು ಬದುಕಿದ್ದಾನೆ ಎಂಬುದು ಎದೆಗೆ ಇಳಿಯಲು ಒಂದು ಗಳಿಗೆ ಬೇಕಾಯಿತು. ಇಳಿದದ್ದೇ, ಅದರ ಬೆನ್ನಿಗೇ ಸಿಟ್ಟು ಏರಿತು. ತಾನು ಇಲ್ಲಿ ರಂಡೆಯಾದ ಹೊತ್ತಿನಲ್ಲಿ ಅವನು ಬಂಗಾರದ ಮನೆಯ ನೆರಳು ನೋಡುವ ಯೋಚನೆಯಲ್ಲಿದ್ದ. ಖಾಸಿಂ ಸಾಬ್ ಇನ್ನೂ ಓದುತ್ತಲೇ ಇದ್ದರು. ಅವರ ಕೈಯಿಂದ ಕಾಗದ ಕಿತ್ತುಕೊಂಡು ತಮ್ಮ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮಾರನೆಯ ದಿನ ಉತ್ತರ ಬರೆಸಲು ಕುಳಿತಳು. ಖಾಸಿಂ ಸಾಬರು ಅವಳ ಮೊದಲ ಮಾತು ಕೇಳಿಯೇ ಲೇಖನಿ ಕೆಳಗಿಟ್ಟರು. ಕ್ಷೇಮ, ಆಶೀರ್ವಾದ ಇಂಥವಾದರೆ ಎಷ್ಟು ಬೇಕಾದರೂ ಬರೆದೇನು, ಇದು ನನ್ನ ಕೈಯಿಂದಾಗದು ಎಂದರು. ಆ ಲೇಖನಿಯನ್ನು ಅವರ ಮಗಳು ಲತೀಫಾ ಎತ್ತಿಕೊಂಡಳು. ಶೇಖಮ್ಮನ ವಾರಿಗೆಯವಳು, ಬಾಯಿ ಜೋರು.

"ಹೇಳು, ಒಂದು ಮಾತೂ ಬಿಡಲ್ಲ ನಾನು. ಆದ್ರ ಟಿಕೀಟು ಜಾಸ್ತಿ ಹಚ್ಚಬೇಕಾಗ್ತದ, ಇಷ್ಟು ಸಿಟ್ಟಿಗಿ ವಜನ್ ಭಾಳ ಅದ."

ಶೇಖಮ್ಮ ನಗಲಿಲ್ಲ. ಗೋಡೆ ನೋಡುತ್ತ ಹೇಳಿದಳು. "ಮೊದಲ್ನೇ ದಿನ ರೈಲು ಇಳಿದು ಅಲ್ಲೇ ನೆಲದ ಮ್ಯಾಲ ಕುಂದ್ರು, ನಿಮ್ಮವ್ವ ಅಂಗಳದಾಗ ಕುಂತಂಗ. ಎರಡನೇ ದಿನ ಬೆಟ್ಟದ ಗುಡಿ ಹತ್ತು, ಅಲ್ಲಿಂದ ಮಾನ್ವಿ ಕಾಣ್ತದೇನು ನೋಡು. ಮೂರನೇ ದಿನ ಬಂಗಾರದ ಮನಿಗಿ ಹೋಗು, ಒಡದ ಹಸಿರು ಬಳಿ ಅಲ್ಲಿ ಏನು ಬೆಲಿ ಮಾಡ್ತದ ಕೇಳು. ನಾಲ್ಕನೇ ದಿನ ನದಿಯಾಗ ಕೈ ತೊಳಕೋ. ಐದನೇ ದಿನ ಎಲ್ಲಿಗಿ ಬೇಕು ಅಲ್ಲಿಗಿ ಹೋಗು. ಇಲ್ಲಿಗಿ ಮಾತ್ರ ಬರಬ್ಯಾಡ."

ಯಾಕೆ ಈ ಸಿಟ್ಟು ಎಂಬುದನ್ನು ಲತೀಫಾ ತಾನೇ ಎರಡು ಸಾಲಿನಲ್ಲಿ ಸೇರಿಸಿದಳು, ಮೂಲೆ ಹರಿದದ್ದು, ಬಳೆ ಒಡೆದದ್ದು. ಕಾಗದ ಅವತ್ತೇ ಟಪಾಲಿಗೆ ಬಿತ್ತು.

ಒಡೆದ ಬಳೆಯ ಸುದ್ದಿ ಕಾಗದಕ್ಕಿಂತ ಬೇಗ ಊರೂರು ತಿರುಗಿತು. ಒಪ್ಪಿತದ ಬಳೆ ಒಡೆದರೆ ಒಪ್ಪಿತವೇ ಒಡೆದಂತೆ ಎಂದು ಹಿರಿಯರು ಶುರುಮಾಡಿದರು. ಸುಂಕಪ್ಪನಿಗೂ ಒಳಗೇ ಬೇಸರವಿತ್ತು. ಮಗಳಿಗೆ ಇಪ್ಪತ್ತು ದಾಟಿತ್ತು, ಅಳಿಯನಾಗುವವನಿಗೆ ಹಿಂದಿರುಗುವ ನೆನಪೇ ಇದ್ದಂತಿಲ್ಲ. ಮೂರು ವಾರದಲ್ಲಿ ಸಿರವಾರದಿಂದ ವೆಂಕೋಬ ಎಂಬುವನ ಕಡೆಯವರು ಹೊಸ ಬಳೆ ಹಿಡಿದುಕೊಂಡೇ ಬಂದರು.

ಶೇಖಮ್ಮ ಅವರ ಮುಂದೆ ಬಂದು ಕುಳಿತು, ಗಾಯದ ಗೆರೆ ಕಾಣುವಂತೆ ಎರಡೂ ಕೈ ಚಾಚಿದಳು.

"ಈ ಕೈ ಯಾರ ದೆಸಿಂದ ಬೋಳಾತೋ ಅವನೇ ಬಂದು ಬಳಿ ಇಡಬೇಕು. ಇಟ್ಟಮ್ಯಾಲ ಅವನನ್ನ ಬಿಡೋದೋ ಇಟ್ಕೊಳ್ಳೋದೋ ನಾ ನೋಡ್ಕೋತೀನಿ."

ಬಂದವರು ಗಕ್ಕನೆ ಎದ್ದರು. ಸುಂಕಪ್ಪ ಅವರನ್ನು ಬೇಡಿಕೊಂಡು ಕೂಡಿಸಿ, ಜ್ಯೇಷ್ಠದ ಕಾರಹುಣ್ಣಿಮೆಯ ತನಕ ಗಡುವು ಕೇಳಿದ. ಅಷ್ಟರೊಳಗೆ ಗದ್ದೆಪ್ಪ ಬಾರದಿದ್ದರೆ ಬಳೆ ಸಿರವಾರದ್ದೇ. ಬರಬೇಡ ಎಂದು ಬರೆಸಿದವಳು ತಾನೇ ಎಂಬುದು ಶೇಖಮ್ಮನಿಗೆ ಆಗ ನೆನಪಾಯಿತು.

ಆ ಸಂಜೆ ಲತೀಫಾ ಬಂದು, ಅವನ ಕಾಗದ ಕೊಡು ಎಂದು ಕೈ ಚಾಚಿದಳು. ಅಬ್ಬಾಜಾನ್ ಪೂರ್ತಿ ಓದಲೇ ಇಲ್ಲ ಅಂತಾರೆ, ಒಪ್ಪಿತ ಮುರಿಯುವುದಾದರೂ ಪೂರ್ತಿ ಓದಿ ಮುರಿ ಎಂದಳು. ಕೆಳಗೆ, ಹರಿದ ಮೂಲೆಯ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ ಆರು ಸಾಲು ಉಳಿದಿದ್ದವು.

"ಶೇಖಿಗೆ ಹೇಳ್ರಿ," ಎಂದು ಲತೀಫಾ ಓದಿದಳು. "ನಾಲ್ಕು ವರ್ಷದಾಗ ನಾ ನೋಡಿದ ಊರೊಂದೂ ನಿಂತಿಲ್ಲ. ಸುಟ್ಟ ಊರಾಗೇ ರೊಟ್ಟಿ ಬಡದೀನಿ. ಈ ಒಂದು ಊರು ಉಳದದ ಅಂತಾರ. ಅದನ್ನ ಕಣ್ತುಂಬ ನೋಡಿ ಬರ್ತೀನಿ. ಇಲ್ಲಾಂದ್ರ ಆಕಿ ಮುಂದ ಕುಂತು ಏನು ಹೇಳ್ಲಿ, ಬೂದಿ ಸುದ್ದಿ ಹೇಳ್ಲೇನು? ಎಲ್ಲೆಲ್ಲಿ ಹೋಗಬೇಕು ಆಕಿನೇ ಹೇಳಲಿ. ಆಕಿ ಹೇಳಿದ ಹಾದಿಲೇ ನಡೀತೀನಿ."

ಲತೀಫಾ ಕಾಗದ ಮಡಿಸಿದಳು. ಹೇಳಿದ ಹಾದಿ ಎಂಥದೆಂದು ಬರೆದ ಕೈ ಅವಳದೇ. ಈಗ ಇನ್ನೊಂದು ಕಾಗದ ಹಾಕಿದರೆ ಅದು ಮುಟ್ಟುವುದರೊಳಗೆ ರಜೆಯೇ ಮುಗಿದಿರುತ್ತದೆ. ಶೇಖಮ್ಮನಿಗೆ ಅಳು ಬರಲಿಲ್ಲ. ಹೊಸದೊಂದು ಸಿಟ್ಟು ಬಂತು. ಇಷ್ಟು ಒಳ್ಳೆಯ ಮಾತನ್ನು ಅಷ್ಟು ಸಣ್ಣ ಅಕ್ಷರದಲ್ಲಿ, ಅಷ್ಟು ಕೆಳಗೆ ಬರೆಯುವುದೇ?

ಅವತ್ತಿನಿಂದ ಅವಳು ದಿನವೂ ನಕಾಶೆ ಬಿಚ್ಚಿದಳು. ಅಕ್ಷರ ಯಾವುವೂ ತಿಳಿಯದವು. ಆದರೆ ಗುಡಿ, ಬಂಗಾರದ ಮನೆ, ಸೇತುವೆಗಳಿಗೆಲ್ಲ ಪುಟ್ಟ ಪುಟ್ಟ ಚಿತ್ರಗಳಿದ್ದವು. ಬೀದಿಗಳು ಪಗಡೆ ಹಾಸಿನಂತೆ ಅಡ್ಡ ಉದ್ದ ನೇರ. ಒಂದು ಮಗ್ಗುಲಿಗೆ ನೀಲಿ ನದಿ. ಬಿಸಿಲಾದೀತು, ಬೆಟ್ಟದ ಗುಡಿಗೆ ಬೆಳಿಗ್ಗೆಯೇ ಹೋಗಲಿ. ಬಂಗಾರದ ಮನೆ ದೂರ, ಅದಕ್ಕೊಂದು ಪೂರಾ ದಿನ. ನದಿಯ ದಂಡೆಯಲ್ಲಿ ಊಟ. ಬೈಯುತ್ತ ಬೈಯುತ್ತಲೇ ಅವನ ಐದು ದಿನವನ್ನೂ ಜೋಡಿಸಿದಳು. ಒಂದೇ ತೊಡಕು. ಅವನು ಇಳಿಯಬೇಕಾದ ಸ್ಟೇಷನ್ನು ನಕಾಶೆಯಲ್ಲಿರಲಿಲ್ಲ. ರೈಲಿನ ಕಪ್ಪು ಗೆರೆ ಹರಿದ ಮೂಲೆಗೆ ಹೋಗಿ ಮಾಯವಾಗುತ್ತಿತ್ತು. ಎಲ್ಲಿಂದ ಶುರು ಮಾಡಿಸಬೇಕೆಂದು ತಿಳಿಯದೆ, ಪ್ರತಿಸಲವೂ ಅವನನ್ನು ನಡುದಾರಿಯಲ್ಲಿ ಎತ್ತಿ ಇಡಬೇಕಾಗುತ್ತಿತ್ತು.

ಚೈತ್ರ ಕಳೆಯಿತು, ವೈಶಾಖವೂ. ಉತ್ತರ ಬರಲಿಲ್ಲ. ಕಾರಹುಣ್ಣಿಮೆಗೆ ಆರು ದಿನ ಇತ್ತು. ಶೇಖಮ್ಮ ಅತ್ತೆಯ ಅಂಗಳದ ಒರಳಿನಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದಳು. ಎದುರಿಗೆ ಯಾರೋ ಕೆಮ್ಮಿದರು. ತಲೆ ಎತ್ತಿದಳು. ತಗಡಿನ ಟ್ರಂಕು, ಖಾಕಿ ಅಂಗಿ, ಬಿಸಿಲಿಗೆ ಕರಿದಾದ ಮುಖ. ಘಾಟಿಗೆ ಅವನ ಕಣ್ಣು ನೀರಾಡುತ್ತಿದ್ದವು. ಒರೆಸಿಕೊಳ್ಳದೆ ಅವಳ ಬೋಳು ಕೈಯನ್ನೇ ನೋಡುತ್ತಿದ್ದ. ಅವಳು ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಲಗೈಯಿಂದ ಒನಕೆಯನ್ನು ಇನ್ನಷ್ಟು ಜೋರಾಗಿ ಹಾಕಿದಳು. ಆದರೆ ನಾಲ್ಕು ಏಟಿಗೊಮ್ಮೆ ಅವಳ ಕಣ್ಣು ಒನಕೆಯ ಜೊತೆಗೇ ಎದ್ದು, ಅವನ ಗಲ್ಲದ ತನಕ ಹೋಗಿ, ಮತ್ತೆ ಒರಳಿಗೆ ಬೀಳುತ್ತಿತ್ತು.

"ಇಲ್ಲಿಗಿ ಬರಬ್ಯಾಡ ಅಂತ ಬರೆಸಿದ್ದೆ."

"ಓದೀನಿ. ಹದಿನಾರು ಸಲ ಓದೀನಿ."

"ಹರಿದ ಮೂಲಿ ಅಂದ್ರೇನು ಅಂತ ಮರತಿದ್ದೇನು?"

ಗದ್ದೆಪ್ಪ ಸುಳ್ಳು ಹೇಳಲಿಲ್ಲ. "ಮರತಿದ್ದೆ, ಶೇಖಿ. ಅಲ್ಲಿ ಸತ್ತವರಿಗಿ ಯಾರೂ ಕಾಗದ ಹರೀತಿರಲಿಲ್ಲ. ಹರಿಯಾಕ ನಿಂತಿದ್ರ ಕಾಗದ ಸಾಲ್ತಿರಲಿಲ್ಲ."

ಒನಕೆ ಒಂದು ಏಟು ತಪ್ಪಿತು. ಅವನು ಅಂಗಿಯ ಜೇಬಿನಿಂದ ಸಣ್ಣ ಕಾಗದದ ಚೂರು ತೆಗೆದು, ಕಲ್ಲಿನ ಅಂಚಿಗೆ ಇಟ್ಟ. ರಜೆಗೆ ಹೋಗುವವರು ಪಲ್ಟನ್ನಿನಲ್ಲಿ ಕೊಟ್ಟ ಆ ನಕಾಶೆಯ ಮೂಲೆಯನ್ನು ಹರಿದು, ಹಿಂಭಾಗದಲ್ಲಿ ಹೆಸರು ಬರೆದು ಆಫೀಸಿಗೆ ಕೊಡಬೇಕಂತೆ. ಚೀಟಿ ಹರಿದಿಟ್ಟುಕೊಂಡು, ಉಳಿದ ಹಾಳೆ ಚೆಂದ ಇದೆಯೆಂದು ಅದರ ಮೇಲೇ ಮನೆಗೆ ಬರೆದಿದ್ದ. ಚೀಟಿ ಕೊಡಲು ಹೊರಟ ದಿನವೇ ಅವಳ ಕಾಗದ ಬಂತು. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಸಾಹೇಬನ ಹತ್ತಿರ ಹೋಗಿ, ಊರಿಗೆ ಹೋಗುವ ಮೊದಲ ಹಡಗಿಗೆ ತನ್ನ ಹೆಸರು ಹಾಕಿರೆಂದು ಕಾಲು ಹಿಡಿದ.

"ಅಂದ್ರ," ಎಂದಳು ಶೇಖಮ್ಮ. ಒನಕೆ ನಿಂತಿತ್ತು. "ಆ ಊರು ನೋಡಲಿಲ್ಲೇನು?"

"ಇಲ್ಲ."

ಇಷ್ಟು ತಿಂಗಳು ಕೂಡಿಟ್ಟ ಸಿಟ್ಟೆಲ್ಲ ಅವಳಿಗೆ ಆಗ ಬಂತು. ಒನಕೆಯನ್ನು ಗೋಡೆಗೆ ಒಗೆದಳು. "ನಾಲ್ಕು ವರ್ಷಕ್ಕೊಂದು ಊರು ನಿಂತಿದ್ದು ಸಿಕ್ಕಿತ್ತು. ಅದನ್ನೂ ಬಿಟ್ಟು ಬಂದಿ. ನಾ ಸಿಟ್ಟಿಲೆ ಬರೆಸಿದ್ದು ಓದಾಕ ಬರ್ತದ ನಿನಗ, ಸಿಟ್ಟು ಯಾಕ ಅಂತ ಓದಾಕ ಬರಲ್ಲೇನು? ಮೂರು ತಿಂಗಳು ನಿನ್ನ ಸಲುವಾಗಿ ಆ ಊರಿನ ಸಂದಿ ಸಂದಿ ತಿರುಗೀನಿ ನಾನು."

ಗದ್ದೆಪ್ಪ ಮೊದಲ ಸಲ ಅವಳ ಮುಖವನ್ನು ನೇರ ನೋಡಿದ. ತುಟಿಯ ಒಂದು ತುದಿ ಮಾತ್ರ ನಕ್ಕಿತು. "ಹಂಗಾದ್ರ ನೀ ನೋಡೀದಿ. ತೋರಿಸು."

ಅವಳು ದಡದಡ ತಮ್ಮ ಮನೆಗೆ ಹೋಗಿ ನಕಾಶೆ ತಂದು ಅಂಗಳದಲ್ಲಿ ಹಾಸಿದಳು. ಕಲ್ಲಿನ ಮೇಲಿನ ಚೂರನ್ನು ಎತ್ತಿ ಹರಿದ ಜಾಗಕ್ಕೆ ಹೊಂದಿಸಿದಳು. ಹಲ್ಲಿಗೆ ಹಲ್ಲು ಕೂಡಿತು. ಕಪ್ಪು ಗೆರೆ ಮೂಲೆಯೊಳಗೆ ಓಡಿ ಬಂದು, ಪುಟ್ಟ ಸ್ಟೇಷನ್ನಿನ ಚಿತ್ರದಲ್ಲಿ ನಿಂತಿತು. ಇಷ್ಟು ದಿನ ಅವನ ಜೇಬಿನಲ್ಲೇ ಇತ್ತು ಅದು.

"ಇಳಿ," ಎಂದು ಅವನ ಬೆರಳು ಹಿಡಿದು ಅಲ್ಲಿಟ್ಟಳು. ಅವಳ ಕೈಯ ಕಾರ ಅವನ ಬೆರಳಿಗೂ ಹತ್ತಿತು. ಅವನು ಉರಿ ತಡೆದುಕೊಂಡು ಸುಮ್ಮನೆ ಕುಳಿತ. ಬೆಟ್ಟದ ಗುಡಿ, ಬಂಗಾರದ ಮನೆ, ನದಿ. ಎಲ್ಲೆಲ್ಲಿ ನೆರಳಿದೆ, ಎಲ್ಲಿ ಕುಳಿತು ಬುತ್ತಿ ಬಿಚ್ಚಬೇಕು, ಎಲ್ಲವನ್ನೂ ಬೈಗುಳದ ದನಿಯಲ್ಲೇ ಹೇಳಿದಳು.

"ಐದನೇ ದಿನ?" ಎಂದು ಕೇಳಿದ.

ಅವಳು ಅವನ ಬೆರಳನ್ನು ನಕಾಶೆಯಿಂದ ಎತ್ತಿ ಅಂಗಳದ ಮಣ್ಣಿನ ಮೇಲೆ ಇಟ್ಟಳು. ಅವನು ಟ್ರಂಕಿನಿಂದ ರಾಯಚೂರಿನಲ್ಲಿ ಕೊಂಡ ಹಸಿರು ಬಳೆಯ ಕಟ್ಟು ತೆಗೆದ. ಮೂರು ಅಳತೆಯವು ತಂದಿದ್ದ. "ಈ ಸಲ ಹಿಡಿದು ನೋಡಿ ಇಡ್ತೀನಿ," ಎಂದು ಕೈ ಚಾಚಿದ. ಗಾಯದ ಗೆರೆಯ ಮೇಲೆ ಅವನ ಹೆಬ್ಬೆರಳು ಬಹಳ ಹೊತ್ತು ನಿಂತಿತು. ನಡುವಿನ ಅಳತೆ ಸರಿಹೋಯಿತು.

ಬಾಗಿಲಲ್ಲಿ ಪಾರ್ವತೆಮ್ಮ ಬಾಯಿಗೆ ಸೆರಗು ಹಿಡಿದು ನಿಂತಿದ್ದಳು. ಹಿಂದೆಯೇ ಸುಂಕಪ್ಪ ಬಂದ. ಸಿರವಾರದವರಿಗೆ ಏನು ಹೇಳಲಿ ಎಂದು ಕೇಳಿದ, ಯಾರನ್ನು ಕೇಳಬೇಕೆಂದು ತಿಳಿಯದವನಂತೆ.

ಶೇಖಮ್ಮ ಅಪ್ಪನ ಕಡೆ ನೋಡಲಿಲ್ಲ. ಒಳಗೆ ಹೋಗಿ ಒಂದಿಷ್ಟು ಗಂಜಿ, ಒಂದು ಬಟ್ಟಲು ಅರಿಶಿನ ತಂದಳು. ಗಂಜಿ ಹಚ್ಚಿ ಹರಿದ ಮೂಲೆಯನ್ನು ಅಂಟಿಸಿದಳು. ಬೆರಳನ್ನು ಅರಿಶಿನದಲ್ಲಿ ಅದ್ದಿ ಒಂದು ಮೂಲೆಗೆ ಹಚ್ಚಿದಳು, ಎರಡನೆಯದಕ್ಕೆ, ಮೂರನೆಯದಕ್ಕೆ. ಅಂಟಿಸಿದ ನಾಲ್ಕನೆಯ ಮೂಲೆಗೆ ಎರಡು ಸಲ ಹಚ್ಚಿದಳು. ಹೊಸ ಬಳೆಗಳು ಸದ್ದು ಮಾಡಿದವು.

"ಇದನ್ನ ಒಯ್ದು ತೋರಿಸು, ಯಪ್ಪಾ," ಎಂದಳು. "ಓದಾಕ ಬರದವರಿಗೂ ತಿಳೀತದ."

ಆಮೇಲೆ ಗದ್ದೆಪ್ಪನ ಕಡೆ ತಿರುಗಿ, ಮಗ್ಗುಲಿಗೆ ಬಿದ್ದ ಒನಕೆ ತಂದುಕೊಡು, ಕಾರ ಇನ್ನೂ ಅರ್ಧ ಉಳಿದಿದೆ ಎಂದು ಮತ್ತೆ ಬೈಯಲು ಶುರುಮಾಡಿದಳು.