ಐದು ಗಂಟೆಯ ಬಾಗಿಲು

ಮಂಗಳವಾರ ಬೆಳಿಗ್ಗೆ ಆರು ಇಪ್ಪತ್ತಕ್ಕೆ ಆಸ್ಪತ್ರೆಯ ಆಯಾ ಠಾಣೆಗೆ ಓಡಿ ಬಂದು, ಹಿಂಬಾಗಿಲ ಮೆಟ್ಟಿಲ ಮೇಲೆ ಹಸುಗೂಸು ಸತ್ತು ಮಲಗಿದೆ ಎಂದಳು. ದೂರು ಬರೆದುಕೊಂಡವಳು ಮಹಿಳಾ ಪೇದೆ. ಗಂಡಸರು ಯುದ್ಧಕ್ಕೆ ಹೋದ ಮೇಲೆ ದೂರು ಪುಸ್ತಕದಿಂದ ಹಿಡಿದು ನೋಟಿಸು ಅಂಟಿಸುವವರೆಗೆ ಎಲ್ಲ ಅವಳ ತಲೆಗೇ ಬಂದಿತ್ತು.

ಎಫ್‌ಐಆರ್ ದಾಖಲಾಯಿತು. ಏಳಕ್ಕೆ ಇನ್ಸ್‌ಪೆಕ್ಟರ್ ಪಂಚನಾಮೆ ಮಾಡಿಸಿದರು: ಹೆಣ್ಣು ಮಗು, ಹುಟ್ಟಿ ಮೂರು ದಿನ, ಗಾಯವಿಲ್ಲ. ಕೊಂದದ್ದು ಚಳಿ.

ಮಗುವಿಗೆ ಸುತ್ತಿದ್ದು ಸಿಪಾಯಿಗಳ ಕೋಟಿನ ಒಳಪದರದ ಬಟ್ಟೆ. ಪೇದೆ ಅದನ್ನು ತಿರುವಿ ನೋಡಿದಳು. ಸುತ್ತಲೂ ಅಂಚು ಮಡಚಿ ಹೊಲಿದಿತ್ತು. ಬಿಸಾಡುವವರು ಅಂಚು ಹೊಲಿಯುವುದಿಲ್ಲ ಎಂದುಕೊಂಡಳು.

ಹತ್ತೂವರೆಗೆ ಇಬ್ಬರೂ ಸಮವಸ್ತ್ರ ಹೊಲಿಯುವ ಕಾರ್ಖಾನೆಗೆ ಹೋದರು.

"ಬೇಗ ಮುಗಿಸಿ ಸರ್," ಎಂದಳು ಮೇಸ್ತ್ರಿ ಹೆಂಗಸು. "ನಿಮ್ಮನ್ನ ನೋಡಿ ನಮ್ಮ ಹುಡುಗೀರ ಕೈ ನಡುಗಿದ್ರೆ ಕೋಟಿಗೆ ಮೂರು ತೋಳು ಬರ್ತವೆ."

ಬಟ್ಟೆ ಕೈಗೆ ಬಂದೊಡನೆ ಅವಳ ನಗು ಆರಿತು. "ಕೈಹೊಲಿಗೆ. ಬಲದಿಂದ ಎಡಕ್ಕಲ್ಲ, ಎಡದಿಂದ ಬಲಕ್ಕೆ ಹೋಗಿದೆ. ನನ್ನ ಹತ್ರ ಎಡಚಿ ಒಬ್ಬಳೇ. ಜ್ವರ ಅಂತ ಹತ್ತು ದಿನ ರಜೆ ಹಾಕಿ ಇವತ್ತೇ ಬಂದಿದಾಳೆ."

ಎಡಚಿ ಸೂಜಿ ಕೆಳಗಿಟ್ಟು ತಾನೇ ಎದ್ದು ನಿಂತಳು. ಹನ್ನೊಂದು ಹತ್ತಕ್ಕೆ ದಸ್ತಗಿರಿ ಆಯಿತು.

"ಗಂಡ?" ಇನ್ಸ್‌ಪೆಕ್ಟರ್ ಕೇಳಿದರು.

"ಯುದ್ಧದಲ್ಲಿ. ಶನಿವಾರ ರಜೆಗೆ ಬರ್ತಾರೆ."

"ಮಗುವಿನ ಅಪ್ಪ?"

"ಅವರೂ ಯುದ್ಧಕ್ಕೆ ಹೋದ್ರು ಸರ್."

"ಎಷ್ಟು ಹೊತ್ತಿಗೆ ಬಿಟ್ಟೆ?"

"ಐದಕ್ಕೆ ಐದು ನಿಮಿಷ ಇತ್ತು. ದಿನಾ ಕೆಲಸಕ್ಕೆ ಬರೋವಾಗ ನೋಡ್ತಿದ್ದೆ. ಗಡಿಯಾರ ತಪ್ಪಿದ್ರೂ ಆಯಾ ತಪ್ತಿರಲಿಲ್ಲ, ಐದಕ್ಕೆ ಬಾಗಿಲು ತೆಗೆದು ಮೆಟ್ಟಿಲಿಗೆ ನೀರು ಹಾಕೋಳು. ಐದು ನಿಮಿಷ ತಾನೇ ಅಂತ..." ಅವಳು ಪೇದೆಯ ಕಡೆ ತಿರುಗಿದಳು. "ಅಕ್ಕಾ, ಇವತ್ತು ಬಾಗಿಲು ಯಾಕೆ ತೆಗೀಲಿಲ್ಲ?"

ಪೇದೆ ತಲೆ ಬಗ್ಗಿಸಿ ಹೇಳಿಕೆ ಬರೆದುಕೊಳ್ಳತೊಡಗಿದಳು.

ನಾಲ್ಕಕ್ಕೆ ಎಡಚಿಯ ಅತ್ತೆ ಒಂದು ಶಾಲು ಹಿಡಿದು ಠಾಣೆಗೆ ಬಂದಳು.

"ನಿಮಗೆ ಗೊತ್ತಿತ್ತಾ ಅಮ್ಮ?" ಪೇದೆ ಕೇಳಿದಳು.

"ಮಗ ಹೋಗಿ ಹದಿನಾರು ತಿಂಗಳಾಯ್ತು ತಾಯಿ. ಬೆರಳು ಮಡಚಿ ಎಣಿಸೋಕೆ ನಂಗೂ ಬರುತ್ತೆ. ಕಣ್ಣಿದ್ದೂ ಕುರುಡಿಯಾಗಿದ್ದೆ. ಬಾಯಿಬಿಟ್ಟು ಒಂದು ಮಾತು ಆಡಿದ್ದಿದ್ರೆ, ಅದು ನನ್ನ ಮಡಿಲಲ್ಲಾದ್ರೂ ಇರ್ತಿತ್ತು."

ಸಂಜೆ ಪೇದೆ ವರದಿ ಬರೆದಳು. ಗಂಡ ಬರುವನೆಂಬ ಭಯವೇ ಕೃತ್ಯಕ್ಕೆ ಕಾರಣ. ಅದರ ಕೆಳಗೆ ಇನ್ನೊಂದು ಸಾಲು: ಬೆಳಕು ಹರಿಯುವ ಮುನ್ನ ದೀಪ ಹಚ್ಚಬಾರದೆಂಬ ಯುದ್ಧಕಾಲದ ಆಜ್ಞೆಯಂತೆ ಸೋಮವಾರದಿಂದ ಹಿಂಬಾಗಿಲು ಐದರ ಬದಲು ಆರಕ್ಕೆ ತೆರೆಯುತ್ತಿದ್ದುದು ಆರೋಪಿಗೆ ತಿಳಿದಿರಲಿಲ್ಲ, ಆ ಬಾಗಿಲಿಗೆ ನೋಟಿಸು ಇರಲಿಲ್ಲ.

ಇನ್ಸ್‌ಪೆಕ್ಟರ್ ಓದಿದರು. "ಈ ಸಾಲು ಬೇಕಾ? ನೋಟಿಸು ಅಂಟಿಸೋ ಕೆಲಸ ಯಾರದು ಅಂತ ಕೇಳ್ತಾರೆ."

"ಮುಂಬಾಗಿಲಿಗೆ ಅಂಟಿಸೋ ಹೊತ್ತಿಗೆ ಗೋಂದು ಮುಗೀತು ಸರ್. ನಾಳೆ ಅಂಟಿಸಿದ್ರಾಯ್ತು ಅಂತ ಬಂದ್ಬಿಟ್ಟೆ."

ಅವರು ಕಾಗದವನ್ನು ಅವಳತ್ತ ಸರಿಸಿದರು. ಹೊಡೆದುಹಾಕು ಎಂದೂ ಹೇಳಲಿಲ್ಲ, ಇರಲಿ ಎಂದೂ ಹೇಳಲಿಲ್ಲ. ಪೇದೆ ಆ ಸಾಲಿನ ಕೆಳಗೆ ತನ್ನ ಹೆಸರು ಬರೆದು, ಮಿಕ್ಕ ನೋಟಿಸು ಹಿಡಿದು ಆಸ್ಪತ್ರೆಯ ಹಿಂಬಾಗಿಲಿಗೆ ಹೊರಟಳು.