ನೀಲಿ ಬೆಳಕಿನ ವಡೆ

ಕೌಶಲ್ ಲ್ಯಾಬಿಗೆ ಬಂದ ಮೊದಲ ದಿನವೇ ಮೃಣಾಲಿನಿಯ ಲೇಸರ್ ಕಿರಣಕ್ಕೆ ಅಂಗೈ ಅಡ್ಡ ಹಿಡಿದ. ಅದೂ ಎಲ್ಲರೆದುರಿಗೆ.

ಗಾಜಿನ ಕೊಳವೆಯೊಳಗೆ ಬಿಸಿ ರುಬಿಡಿಯಂ ಆವಿ. ಅದರೊಳಗೆ ಎರಡು ಕೆಂಪು ಕಿರಣ. ಒಂದು ಸಾದಾ, ಇನ್ನೊಂದು ನಡುವೆ ಕತ್ತಲಿರುವ ಬಳೆಯಾಕಾರದ್ದು. ಲ್ಯಾಬಿನವರ ಬಾಯಲ್ಲಿ ಅದು 'ವಡೆ'. ಎರಡೂ ಕೂಡಿದರೆ ಆವಿಯಿಂದ ನೀಲಿ ಬೆಳಕು ಹುಟ್ಟಬೇಕು, ವಡೆಯ ಆಕಾರ ಆ ನೀಲಿಗೆ ದಾಟಬೇಕು. ದಾಟಿದೆ ಎಂದು ಅವಳು ಕ್ಯಾಮೆರಾದ ಕಪ್ಪು-ಬಿಳುಪು ಪರದೆಯ ಮೇಲೆ ತೋರಿಸುತ್ತಿದ್ದಳು.

ಕೌಶಲ್ ಮುಚ್ಚಿದ್ದು ಸಾದಾ ಕಿರಣವನ್ನು. ನೀಲಿ ಆರಬೇಕಿತ್ತು. ಪರದೆಯ ಮೇಲಿನ ವಡೆ ಅಲುಗಲಿಲ್ಲ.

"ಕ್ಯಾಮೆರಾಕ್ಕ ಬಣ್ಣ ತಿಳಿಯಂಗಿಲ್ರಿ. ಇದು ಸೋರಿ ಬಂದ ಕೆಂಪು. ಏನೂ ದಾಟಿಲ್ಲ."

ಯಾರೋ ನಕ್ಕರು. ಗೈಡ್ ಅಹಲ್ಯಾ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸಮ್ಮೇಳನಕ್ಕೆ ಹೋಗಬೇಕಿದ್ದ ಅವಳ ಪ್ರಬಂಧ ಅಲ್ಲೇ ಸತ್ತಿತು.

'ಈ ಮನುಷ್ಯ ಬೀದರ್‌ನಿಂದ ಇಷ್ಟು ದೂರ ಬಂದದ್ದು ಇದಕ್ಕೇನಾ...'

ಅವನ ಇಸ್ತ್ರಿ ಮಾಡಿದ ಅಂಗಿಯೂ ಅವಳಿಗೆ ಅಸಹ್ಯವಾಯಿತು. ತಾವು ಸರಿ ಎನ್ನುವುದನ್ನೇ ಸದ್ಗುಣ ಎಂದುಕೊಂಡವರ ಮುಖದಲ್ಲಿ ಒಂದು ಶಾಂತಿ ಇರುತ್ತದೆ. ಅದನ್ನು ನೋಡಿದರೆ ಕಪಾಳಕ್ಕೆ ಹೊಡೆಯಬೇಕೆನಿಸುತ್ತದೆ.

ಅವಳು ಅವನ ಜೊತೆ ಮಾತು ಬಿಟ್ಟಳು. ಆದರೆ ಲೇಸರ್‌ಗೆ ಅವಳ ಹಟದ ಪರಿವೆ ಇರಲಿಲ್ಲ. ಅದರ ಆವರ್ತನ ಜಾರುತ್ತಲೇ ಇರುತ್ತದೆ. ಒಬ್ಬರು ಕನ್ನಡಿ ಸರಿಪಡಿಸುವಾಗ ಇನ್ನೊಬ್ಬರು ಪಕ್ಕದಲ್ಲಿ ಕೂತು ತಿರುಪು ತಿರುಗಿಸುತ್ತಿರಬೇಕು. ಆ ಕೆಲಸ ಅವನದಾಯಿತು. ಕತ್ತಲೆ ಕೋಣೆ, ಇಬ್ಬರು, ಒಂದೂ ಮಾತಿಲ್ಲ.

ಆ ಮೌನ ಅವಳಿಗೆ ಹಿತವಾಗತೊಡಗಿತು. ಅದಕ್ಕಾಗಿ ತನ್ನ ಮೇಲೂ ಒಂದಿಷ್ಟು ತಿರಸ್ಕಾರ ಬಂತು.

ಕೊನೆಗೊಂದು ಮಧ್ಯಾಹ್ನ ನಿಜವಾದ ನೀಲಿ ವಡೆ ಬಂತು. ಅವಳೇ ಸಾದಾ ಕಿರಣ ಮುಚ್ಚಿದಳು, ಆರಿತು. ತೆಗೆದಳು, ಬಂತು.

ಮರುದಿನ ಗೆಳತಿ ಗಗನ ಹೇಳಿದಳು: "ಹೊಸ ಪ್ರಬಂಧದಾಗ ಮೊದಲ ಹೆಸರು ಕೌಶಲ್‌ದಂತ. ಅಂವಾ ಬೇಗಂಪೇಟೆ ಸ್ಟೇಷನ್ನಿಗೆ ಹೋಗ್ಯಾನ, ಬ್ಯಾಗ್ ಸಮೇತ."

ಪ್ಲಾಟ್‌ಫಾರ್ಮಿನಲ್ಲಿ ಅವನು ಸಿಕ್ಕ.

"ಹೆಸರು ಕದ್ದು ಓಡಾಕತ್ತೀರೇನು?"

"ಮೇಡಂ ಹಂಗಂದ್ರು. ನಾ ಒಲ್ಲೆ ಅಂದೆ, ಕೆಲಸಾನೂ ಬಿಟ್ಟೆ. ನಾ ಇಲ್ಲಿದ್ರ ಎಲ್ಲಾರೂ ಇದು ನಂದ ಅಂತಾರ."

"ಅಬ್ಬಾ, ತ್ಯಾಗಮೂರ್ತಿ. ಫೋಟೋಕ್ಕ ಹಾರ ಹಾಕಿಸ್ಲೇನು?"

ಅವನು ತಲೆ ತಗ್ಗಿಸಿದ. "ಅವತ್ತು ಮೊದಲು ನಿಮಗ ಒಬ್ಬರಿಗೇ ಹೇಳಬೇಕಿತ್ತು. ತಪ್ಪಾತು."

"ಈಗೂ ಅದನ್ನ ಮಾಡಾಕತ್ತೀರಿ. ನನ್ನ ಕೇಳದ ನನ್ನ ಸಲುವಾಗಿ ತೀರ್ಮಾನ. ಭಾಳ ಸೊಕ್ಕು ನಿಮಗ."

ಬೀದರ್ ಗಾಡಿ ಬಂದು ನಿಂತಿತು. ಅವನು ಬ್ಯಾಗ್ ಎತ್ತಿದ.

"ನೀವು ಹೋದ್ರ ಲೇಸರ್ ಹತ್ರ ಯಾರು ಕೂಡ್ತಾರ?" ಅವಳ ದನಿ ಒರಟಾಗಿಯೇ ಇತ್ತು.

"ಯಾರಾದ್ರೂ ಸಿಗ್ತಾರ್ರಿ."

"ಯಾರಾದ್ರೂ ಮಾತಾಡ್ತಾರ..." ಅವಳು ಹಳಿಯ ಕಡೆ ನೋಡಿದಳು. "ನನಗ ನಿಮ್ಮ ಜೋಡಿ ಸುಮ್ಮನ ಕೂಡೋದು ಬೇಕಾಗೇತಿ. ದಿನಾ."

ಗಾಡಿ ಹೊರಟಿತು. ಬ್ಯಾಗ್ ಅವನ ಕಾಲ ಬಳಿ ಇತ್ತು.

"ಮೇಡಂಗ ಏನು ಹೇಳೋದು?"

"ಮೊದಲ ಹೆಸರು ನಂದು, ಎರಡನೇದು ನಿಮ್ದು. ನಾನ ಹೇಳ್ತೀನಿ, ನೀವು ಬಾಯಿ ಮುಚ್ಚಿಕೊಂಡು ನಿಲ್ರಿ."

"ಆತು... ಮನ್ಯಾಗ ನಿಮಗೇನಂತ ಕರೀತಾರ?"

"ಮೃಣಾಲ್."

ಅವನು ಮೆಲ್ಲಗೆ ಒಮ್ಮೆ ಕರೆದ.

"ಇನ್ನೊಮ್ಮೆ," ಎಂದಳು ಅವಳು.